ಮುಟ್ಟು ನಿಂತ ಮೇಲಿನ ಸುಸ್ತು, ದುಗುಡ: ಬಡ ಬಡಾವಣೆಗಳ ಮಹಿಳೆಯರನ್ನು ಏನೆಂದು ಕೇಳಬೇಕು?

ಪ್ರಶ್ನೆ (ಆರೋಗ್ಯ ಸ್ವಯಂಸೇವಕಿ):
ನಗರದ ಬಡ ಬಡಾವಣೆಯೊಂದರಲ್ಲಿ ಮನೆಮನೆಗೆ ಹೋಗುವ ಕೆಲಸ ನನ್ನದು. ಐವತ್ತು ದಾಟಿದ, ದಿನವಿಡೀ ದುಡಿಯುವ ಮಹಿಳೆಯರು ಸುಸ್ತು, ಕೀಲುನೋವು, ನಿದ್ದೆಗೇಡು, ಕಾರಣವಿಲ್ಲದೆ ಬರುವ ಅಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ‘ವಯಸ್ಸಾಯಿತಲ್ಲ’ ಎಂದು ತಾವೇ ಮಾತು ಮುಗಿಸಿಬಿಡುತ್ತಾರೆ. ಇದರಲ್ಲಿ ಮುಟ್ಟು ನಿಂತದ್ದರಿಂದ ಬಂದದ್ದೆಷ್ಟು, ದುಡಿಮೆಯಿಂದ ಬಂದದ್ದೆಷ್ಟು ಎಂದು ತಿಳಿಯುವುದು ಹೇಗೆ?

ಉತ್ತರ 1 (ಸ್ತ್ರೀರೋಗ ವಿಭಾಗದ ಶುಶ್ರೂಷಕಿ):
ಪೂರ್ತಿಯಾಗಿ ಬೇರ್ಪಡಿಸಲು ಆಗುವುದಿಲ್ಲ. ಎರಡೂ ಒಂದೇ ದೇಹದಲ್ಲಿ ಒಂದನ್ನೊಂದು ಹೆಚ್ಚಿಸುತ್ತವೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎನ್ನುತ್ತೇವೆ. ಸಾಮಾನ್ಯವಾಗಿ ಇದು 45ರಿಂದ 55ರೊಳಗೆ ಆಗುತ್ತದೆ. ಎದೆಯಿಂದ ಮುಖಕ್ಕೇರುವ ಬಿಸಿ, ಬೆವರು, ಆಮೇಲೆ ಚಳಿ, ಇವು ಅನೇಕರಲ್ಲಿ ವರ್ಷಗಟ್ಟಲೆ ಇರುತ್ತವೆ. ತಗಡಿನ ಮಾಡಿನಡಿ ಇಕ್ಕಟ್ಟಿನಲ್ಲಿ ಮಲಗುವವಳು ಈ ಬಿಸಿಯನ್ನು ಸೆಕೆಯೆಂದೇ ಭಾವಿಸುತ್ತಾಳೆ, ಹಾಗಾಗಿ ದೂರುವುದೇ ಇಲ್ಲ.

ನೀವು ತಪ್ಪದೆ ಕೇಳಬೇಕಾದದ್ದು ಮೂತ್ರದ ಬಗ್ಗೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕಡಿಮೆಯಾದಂತೆ ಯೋನಿ ಮತ್ತು ಮೂತ್ರನಾಳದ ಒಳಪದರ ತೆಳುವಾಗಿ, ಒಣಗಿ, ಉರಿ, ಅವಸರ, ಮರುಕಳಿಸುವ ಸೋಂಕು ಕಾಣಿಸಿಕೊಳ್ಳುತ್ತವೆ. ಹಂಚಿಕೊಳ್ಳುವ ಶೌಚಾಲಯ ದೂರವಿದ್ದರೆ, ರಾತ್ರಿ ಅಲ್ಲಿಗೆ ಹೋಗಲು ಭಯವಿದ್ದರೆ, ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರು ಬಹಳ ಮಂದಿ. ಅದರಿಂದ ಸೋಂಕು ಇನ್ನಷ್ಟು ಸುಲಭವಾಗುತ್ತದೆ. ಇಂಥವರಿಗೆ ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮು ಸಾಕಷ್ಟು ನೆರವಾಗುತ್ತದೆ, ಆದರೆ ಅದನ್ನು ವೈದ್ಯರೇ ನೋಡಿ ಕೊಡಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯದೆ ಕಳುಹಿಸಿ. ಬಹುಪಾಲು ಕಾರಣಗಳು ಗಂಭೀರವಲ್ಲವಾದರೂ ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಉತ್ತರ 2 (ಆಪ್ತಸಮಾಲೋಚಕಿ):
ಮನಸ್ಸಿನ ವಿಷಯವನ್ನು ಸೇರಿಸುತ್ತೇನೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಖಿನ್ನತೆಯ ಅಪಾಯ ಹೆಚ್ಚು. ಹಿಂದೆ ಖಿನ್ನತೆ ಇದ್ದವರಲ್ಲಿ ಇನ್ನೂ ಹೆಚ್ಚು. ಆದರೆ ಸಾಲ, ಕೆಲಸ ತಪ್ಪುವ ಭಯ, ಮನೆಯೊಳಗಿನ ಹಿಂಸೆ, ರೋಗಿಗಳನ್ನು ನೋಡಿಕೊಳ್ಳುವ ಹೊರೆ ಇವುಗಳನ್ನೆಲ್ಲ ಹಾರ್ಮೋನಿನ ತಲೆಗೆ ಕಟ್ಟುವುದು ಅನ್ಯಾಯ. ‘ಬೇಸರವೇ?’ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ಎರಡು ವಾರಗಳಿಂದ ಮೊದಲು ಹಿಡಿಸುತ್ತಿದ್ದುದು ಯಾವುದೂ ಹಿಡಿಸುತ್ತಿಲ್ಲವೇ, ಬದುಕೇ ಸಾಕೆನಿಸಿದೆಯೇ ಎಂದು ಕೇಳಿ. ಎರಡನೆಯದಕ್ಕೆ ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ನೆರವಿನ ಏರ್ಪಾಡು ಮಾಡಿ.

ಉತ್ತರ 3 (ವೈದ್ಯ):
ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರ ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಗರ್ಭಕೋಶ ತೆಗೆಸಿಕೊಂಡವರಲ್ಲಿ ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂಬುದನ್ನು ಹಳೆಯ ಚೀಟಿಯಲ್ಲಿ ನೋಡಿ. 45 ವರ್ಷಕ್ಕಿಂತ ಮೊದಲೇ ಅಂಡಾಶಯಗಳನ್ನು ತೆಗೆದಿದ್ದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಬೇಗ ಶುರುವಾಗುತ್ತದೆ.

ಪ್ರಶ್ನೆ ಕೇಳಿದವರಿಂದ:
ಒಂದೇ ಕೋಣೆಯ ಮನೆಯಲ್ಲಿ ಎಲ್ಲರೆದುರು ಮೂತ್ರದ ಉರಿಯ ಬಗ್ಗೆ ಕೇಳುವುದಾದರೂ ಹೇಗೆ?

ಉತ್ತರ 1ರ ಶುಶ್ರೂಷಕಿ:
ಮನೆಯೊಳಗೆ ಕೇಳಬೇಡಿ. ರಕ್ತದೊತ್ತಡ ನೋಡಲೆಂದು ಒಬ್ಬೊಬ್ಬರನ್ನೇ ಹೊರಗೆ ಕರೆದು, ‘ಈ ವಯಸ್ಸಿನ ಅನೇಕರಿಗೆ ಮೂತ್ರ ಉರಿಯುತ್ತದೆ, ತಡೆಯಲಾಗುವುದಿಲ್ಲ, ನಿಮಗೂ ಹಾಗಾಗುತ್ತದೆಯೇ?’ ಎಂದು ಕೇಳಿ. ಅನೇಕರಿಗಿದೆ ಎಂದು ಮೊದಲೇ ಹೇಳಿದರೆ ಹೌದೆನ್ನಲು ನಾಚಿಕೆ ಅಡ್ಡಬರುವುದು ಕಡಿಮೆ.