ತೊಗಟೆಯಂಚಿನ ಬಟ್ಟಲಿಗೆ ಬೇವಿನ ಗಂಟು: ಈ ಬೇಸಿಗೆಯಲ್ಲಿ ತೊಗಟೆ ಉಳಿಯುತ್ತದೆಯೇ?

ಪ್ರಶ್ನೆ (ಕಲಬುರಗಿಯ ಹವ್ಯಾಸಿ)

ಮಾನ್ಯರೆ, ಆಳಂದ ರಸ್ತೆಗೆ ಹೊಂದಿಕೊಂಡಿರುವ ನಮ್ಮ ಹೊಲದ ಬದುವಿನ ಹಳೆಯ ಬೇವಿನ ಮರವು ಮೇ ತಿಂಗಳ ಬಿರುಗಾಳಿಗೆ ಬುಡಸಮೇತ ಉರುಳಿತು. ಅದರ ಕಾಂಡದ ಮೇಲೆ ಉಬ್ಬಿ ಬೆಳೆದಿದ್ದ ದೊಡ್ಡ ಗಂಟೊಂದನ್ನು, ಸೌದೆಗೆ ಹೋಗಬಾರದೆಂದು, ತೊಗಟೆಸಹಿತ ಕೊಯ್ಸಿ ಇಟ್ಟುಕೊಂಡಿದ್ದೇನೆ. ಅಡ್ಡಳತೆ ಸುಮಾರು 11 ಇಂಚು, ದಪ್ಪ 6 ಇಂಚು ಇದೆ. ಗಂಟಿನ ಉಬ್ಬಿದ ಮೈಯೇ ಬಾಯಂಚಾಗಿ, ತೊಗಟೆಯು ಅಂಚಿನ ಸುತ್ತ ಏರಿಳಿಯುತ್ತ ಉಳಿಯುವಂತೆ ಒಂದು ಬಟ್ಟಲನ್ನು, ಮರದ ತುಂಡನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರವಾದ ಲೇತ್‌ನಲ್ಲಿ ಕಡೆಯಬೇಕೆಂಬುದು ನನ್ನ ಆಸೆ. ನೇರ ಎಳೆಯ ಸಾಗುವಾನಿ ಮತ್ತು ಶಿಸಮ್ ತುಂಡುಗಳಿಂದ ಬಟ್ಟಲು, ತಟ್ಟೆ ಕಡೆದ ಅನುಭವ ನನಗಿದೆ; ಆದರೆ ಗಂಟಿಗೆ ಉಳಿ ಹಚ್ಚುವುದು ಇದೇ ಮೊದಲು.

ನನ್ನ ಲೇತ್ ಸ್ಥಳೀಯ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಮೆಟ್ಟಿಲು ಪುಲ್ಲಿಯ ಮೂರು ವೇಗಗಳಲ್ಲಿ ಅತಿ ಕಡಿಮೆಯದು ನಿಮಿಷಕ್ಕೆ 720 ಸುತ್ತು. ತೊಗಟೆ ಕಳಚದಂತೆ ಕಡೆಯುವ ಕ್ರಮವೇನು, ಈ ವೇಗ ನಡೆಯುತ್ತದೆಯೇ, ಈಗಿನ ಬಿಸಿಲಿಗೆ ತುಂಡು ಸೀಳದಂತೆ ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಬೀದರ್)

ಸರ್, ಕಡೆಯುವ ಕ್ರಮಕ್ಕಿಂತ ಮೊದಲು ತೊಗಟೆಯ ವಿಚಾರ ಇತ್ಯರ್ಥವಾಗಬೇಕು. ಏಕೆಂದರೆ ಅದು ಉಳಿಯುತ್ತದೆಯೋ ಇಲ್ಲವೋ ಎಂಬುದು ನಿಮ್ಮ ಕೈಚಳಕಕ್ಕಿಂತ ಹೆಚ್ಚಾಗಿ ಮರ ಬಿದ್ದ ಕಾಲವನ್ನು ಅವಲಂಬಿಸಿದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಹೊಸ ಕೋಶಗಳು ಹುಟ್ಟುವ ತೆಳುವಾದ ಪದರವೊಂದಿರುತ್ತದೆ. ಮರವು ಚಿಗುರಿ ಬೆಳೆಯುತ್ತಿರುವಾಗ ಆ ಪದರವು ಮೆದುವಾಗಿ, ನೀರು ತುಂಬಿಕೊಂಡಿರುತ್ತದೆ. ನಮ್ಮ ಕಡೆಯ ಬೇವು ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರು, ಹೂವು ಹೊರುವುದು ತಮಗೂ ಗೊತ್ತಿದೆ. ಮೇ ತಿಂಗಳಲ್ಲಿ ಬಿದ್ದ ಮರವೆಂದರೆ ಬೆಳವಣಿಗೆಯ ನಡುವೆಯೇ ಬಿದ್ದ ಮರ. ಪುಷ್ಯ, ಮಾಘದ ಚಳಿಯಲ್ಲಿ ಕಡಿದ ತುಂಡಿನಲ್ಲಿ ತೊಗಟೆ ಹಿಡಿದುಕೊಂಡಿರುವಷ್ಟು ಗಟ್ಟಿಯಾಗಿ ಇದರಲ್ಲಿ ಹಿಡಿದುಕೊಂಡಿರುವುದು ಕಷ್ಟ.

ಪರೀಕ್ಷೆ ಸುಲಭ. ಕೊಯ್ದ ಅಂಚಿನಲ್ಲಿ ತೊಗಟೆ ಮತ್ತು ಕಟ್ಟಿಗೆ ಸೇರುವ ಗೆರೆಗೆ ಚಾಕುವಿನ ತುದಿಯನ್ನು ಇಟ್ಟು ಸ್ವಲ್ಪ ತಿರುವಿ ನೋಡಿ. ತೊಗಟೆಯ ತುಣುಕು ಕಟ್ಟಿಗೆಯ ಎಳೆಗಳನ್ನು ಕಿತ್ತುಕೊಂಡು ಮುರಿದರೆ ಅದನ್ನು ಉಳಿಸಿಕೊಳ್ಳಬಹುದು. ನುಣ್ಣಗೆ, ಒದ್ದೆ ಮೈಯೊಂದಿಗೆ ಹಾಳೆಯಂತೆ ಎದ್ದು ಬಂದರೆ ಅದನ್ನು ಪೂರ್ತಿ ತೆಗೆದುಬಿಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧ ಸುತ್ತು ತೊಗಟೆ ಇದ್ದು ಅರ್ಧ ಸುತ್ತು ಹೋದ ಬಟ್ಟಲು ಎಂದೆಂದಿಗೂ ಒಡೆದ ಸಾಮಾನಿನಂತೆಯೇ ಕಾಣುತ್ತದೆ. ಗಂಟಿನ ತೊಗಟೆಯ ಕೆಳಗೆ ಸಣ್ಣ ಸಣ್ಣ ಮುಳ್ಳುಗಳಂತಹ ಉಬ್ಬುಗಳು ಒತ್ತೊತ್ತಾಗಿ ಇರುವುದುಂಟು. ಹಾಗಿದ್ದರೆ ಗಟ್ಟಿ ಬ್ರಷ್ಷಿನಿಂದ ಉಜ್ಜಿದಾಗ ಹೊರಬೀಳುವ ಆ ಅಂಚು ತೊಗಟೆಯ ಅಂಚಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಇನ್ನು ಕೂರಿಸುವ ಕ್ರಮ. ಉಬ್ಬಿದ ಮೈಯ ನಡುವೆ ದೊಡ್ಡ ಬಿಟ್‌ನಿಂದ ತೊಗಟೆಯನ್ನು ಕೊರೆದು, ಕೆಳಗಿನ ಗಟ್ಟಿ ಕಟ್ಟಿಗೆ ಕಾಣುವಂತೆ ಚಪ್ಪಟೆ ಕುಳಿ ಮಾಡಿಕೊಳ್ಳಿ. ತುಂಡನ್ನು ಚುಚ್ಚಿ ಹಿಡಿದು ತಿರುಗಿಸುವ ಮುಳ್ಳು ಸೆಂಟರ್ ಕಟ್ಟಿಗೆಯನ್ನೇ ಹಿಡಿಯಬೇಕು, ತೊಗಟೆಯನ್ನಲ್ಲ. ಕೊಯ್ದ ಚಪ್ಪಟೆ ಮೈಗೆ, ತುಂಡನ್ನು ಎದುರು ತುದಿಯಿಂದ ಆನಿಸಿ ಹಿಡಿಯುವ ಟೇಲ್‌ಸ್ಟಾಕ್ ತಂದು ಒತ್ತಿ. ಎರಡು ಸೆಂಟರ್‌ಗಳ ನಡುವೆ ಕೂರಿಸುವುದರ ಲಾಭವೇನೆಂದರೆ, ಒಂದು ತುದಿಯನ್ನು ಸ್ವಲ್ಪ ಸರಿಸಿ, ಬಾಯಂಚಿನ ಎತ್ತರದ ಭಾಗಗಳು ಒಂದೇ ಮಟ್ಟಕ್ಕೆ ಬರುವಂತೆ ತುಂಡನ್ನು ವಾಲಿಸಿಕೊಳ್ಳಬಹುದು. ಕೈಯಿಂದ ತಿರುಗಿಸಿ, ಉಳಿಯನ್ನು ಊರುವ ಟೂಲ್ ರೆಸ್ಟಿನ ಎದುರು ಪ್ರತಿ ಎತ್ತರವೂ ಎಲ್ಲಿ ಹಾಯುತ್ತದೆ ಎಂದು ನೋಡುತ್ತ ಇದನ್ನು ಮಾಡಬೇಕು; ಇಲ್ಲಿ ಕಳೆದ ಸಮಯ ವ್ಯರ್ಥವಲ್ಲ. ಹೊರಮೈ ಮತ್ತು ಚಕ್ (ದವಡೆಗಳಿಂದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಹಿಡಿಯಲು ತಳದಲ್ಲಿ ಬೇಕಾದ ಟೆನಾನ್ (ಗಿಡ್ಡ ದುಂಡು ಗೂಟ) ಸಿದ್ಧವಾದ ಮೇಲೆ ತಿರುಗಿಸಿ ಚಕ್‌ಗೆ ಕಟ್ಟಿ ಒಳಗನ್ನು ಕಡೆಯಿರಿ.

ಸಾಮಾನ್ಯ ಬಟ್ಟಲಿನ ಹೊರಮೈಯನ್ನು ನಾವು ಪಾದದಿಂದ ಬಾಯಿಯ ಕಡೆಗೆ ಕಡೆಯುತ್ತೇವೆ. ಇಲ್ಲಿ ಅಂಚಿನ ಹತ್ತಿರ ಮಾತ್ರ ದಿಕ್ಕು ತಿರುಗಬೇಕು: ಉಳಿಯು ತೊಗಟೆಯಿಂದ ಒಳಹೊಕ್ಕು ಕಟ್ಟಿಗೆಯ ಕಡೆಗೆ ಸಾಗಿದರೆ ಪ್ರತಿ ಏಟಿಗೂ ತೊಗಟೆಯು ಕಟ್ಟಿಗೆಗೆ ಒತ್ತಿಕೊಳ್ಳುತ್ತದೆ, ಕಟ್ಟಿಗೆಯಿಂದ ಹೊರಟು ತೊಗಟೆಯಲ್ಲಿ ಹೊರಬಿದ್ದರೆ ಅದನ್ನು ಎತ್ತಿ ಎಸೆಯುತ್ತದೆ. ಒಳಮೈಗೂ ಇದೇ ನಿಯಮ.

ಉತ್ತರ 2 (ಸುರಪುರ, ಯಾದಗಿರಿ ಜಿಲ್ಲೆ)

ಬೀದರ್‌ನ ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು. ಆದರೆ ತೊಗಟೆ ಸಡಿಲವಿದ್ದ ಮಾತ್ರಕ್ಕೆ ಅದನ್ನು ಕಿತ್ತು ಹಾಕಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಬೇವಿನ ಕೆಂಗಂದು ಬಣ್ಣದ ಕಟ್ಟಿಗೆಯ ಪಕ್ಕದಲ್ಲಿ ಆ ಬೂದು, ಒರಟು ತೊಗಟೆಯ ಅಂಚೇ ಈ ಬಗೆಯ ಬಟ್ಟಲಿನ ಜೀವಾಳ. ನೀರಿನಷ್ಟು ತೆಳುವಾದ ಇನ್‌ಸ್ಟಂಟ್ ಅಂಟನ್ನು ತೊಗಟೆ–ಕಟ್ಟಿಗೆಯ ಗೆರೆಗೆ ಸುತ್ತಲೂ ಹನಿಸಿದರೆ ಅದು ತಾನಾಗಿಯೇ ಒಳಗೆ ಹೀರಿಕೊಳ್ಳುತ್ತದೆ. ಮೊದಲು ಹೊರಮೈ ಆದಮೇಲೆ ಒಮ್ಮೆ, ನಂತರ ಒಳಗನ್ನು ಕಡೆಯುತ್ತ ಹೊಸ ಗೆರೆ ತೆರೆದುಕೊಂಡಂತೆಲ್ಲ ಮತ್ತೆ ಹನಿಸಬೇಕು. ಒಂದು ಎಚ್ಚರಿಕೆ: ಈ ಅಂಟು ಬರಿ ಕಟ್ಟಿಗೆಯ ಮೇಲೆ ಹರಿದರೆ ಕಲೆ ನಿಲ್ಲುತ್ತದೆ, ಎಣ್ಣೆ ಹಚ್ಚಿದಾಗ ಆ ಜಾಗ ಎದ್ದು ಕಾಣುತ್ತದೆ. ಆದ್ದರಿಂದ ಅಂಟಿಗೆ ಮುಂಚೆ ಸುತ್ತಲಿನ ಕಟ್ಟಿಗೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ತೆಳು ಪಾಲಿಶ್ ಒಂದು ಕೋಟ್ ಬಳಿದಿರಬೇಕು.

ವೇಗದ ಬಗ್ಗೆ: ಅಡ್ಡಳತೆಯ ಇಂಚುಗಳನ್ನು ಸುತ್ತುಗಳಿಂದ ಗುಣಿಸಿದಾಗ 6,000ದಿಂದ 9,000ದ ನಡುವೆ ಬರಬೇಕೆಂಬ ಲೆಕ್ಕ ಬಟ್ಟಲು ಕಡೆಯುವವರಲ್ಲಿ ರೂಢಿಯಲ್ಲಿದೆ. ನಿಮ್ಮದು 11 ಗುಣಿಸು 720, ಅಂದರೆ 7,920. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕ ದುಂಡಗಾದ, ತೂಕ ಸಮನಾಗಿರುವ ತುಂಡಿನದು. ಒಂದು ಬದಿ ಭಾರವಿರುವ ಹಸಿ ಗಂಟನ್ನು ಅದೇ ವೇಗದಲ್ಲಿ ಆರಂಭಿಸಿದರೆ ಲೇತ್ ನೆಲ ಬಿಟ್ಟು ನಡೆಯುತ್ತದೆ. 300–400 ಸುತ್ತಿನಿಂದ ಆರಂಭಿಸುವುದು ಕ್ಷೇಮ. ಮೋಟಾರಿಗೂ ತುಂಡನ್ನು ತಿರುಗಿಸುವ ಸ್ಪಿಂಡಲ್‌ಗೂ ನಡುವೆ ಇನ್ನೊಂದು ಶಾಫ್ಟ್ ಕೂರಿಸಿ, ಸಣ್ಣ ಪುಲ್ಲಿಯಿಂದ ದೊಡ್ಡದಕ್ಕೆ ಬೆಲ್ಟ್ ಹಾಕಿಸಿದರೆ ವೇಗ ಅರ್ಧಕ್ಕಿಳಿಯುತ್ತದೆ. ಲೇತ್ ಮಾಡಿಕೊಟ್ಟ ವರ್ಕ್‌ಶಾಪಿನವರಿಗೆ ಇದು ದೊಡ್ಡ ಕೆಲಸವಲ್ಲ. ಅದಾಗುವವರೆಗೆ ಉಳಿಯನ್ನು ಮುಟ್ಟಬೇಡಿರಿ ಎಂದೇ ಹೇಳುತ್ತೇನೆ.

ರಸ್ತೆ ಬದಿಯ ಮರವಾದ್ದರಿಂದ ಮೊಳೆಯನ್ನೂ ಹುಡುಕಿ. ಜಾಹೀರಾತಿನ ತಗಡು ಬಡಿದ ಮೊಳೆಗಳ ಮೇಲೆ ಮರವು ವರ್ಷಾನುಗಟ್ಟಲೆ ಬೆಳೆದು ಅವನ್ನು ನುಂಗಿರುತ್ತದೆ. ಕೊಯ್ದ ಮೈಯಲ್ಲಿ ಕಾರಣವಿಲ್ಲದೆ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣವಿದೆ ಎಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ಚಾಕುವಿನ ಪರೀಕ್ಷೆ ಮಾಡಿದೆ: ಮುಕ್ಕಾಲು ಸುತ್ತು ತೊಗಟೆ ಗಟ್ಟಿಯಾಗಿದೆ, ಮರ ನೆಲಕ್ಕೆ ಅಪ್ಪಳಿಸಿದ ಬದಿಯಲ್ಲಿ ಮಾತ್ರ ಎದ್ದಿದೆ. ಇನ್ನೊಂದು ಸಂದೇಹ. ಮೊದಲು ದಪ್ಪವಾಗಿ ಕಡೆದು, ಒಣಗಿಸಿ, ಮತ್ತೆ ಕೂರಿಸಿ ಮುಗಿಸುವ ಎರಡು ಹಂತದ ಪದ್ಧತಿ ಇದಕ್ಕೂ ಸಲ್ಲುತ್ತದೆಯೇ? ಬಟ್ಟಲನ್ನು ಮನೆಯಲ್ಲಿ ಶೇಂಗಾ, ಬೆಲ್ಲ ಇಡಲು ಬಳಸುವ ವಿಚಾರವಿದೆ.

ಉತ್ತರ 1 (ಬೀದರ್), ಮುಂದುವರಿಕೆ

ಹಾಗಿದ್ದರೆ ಸುರಪುರದವರ ದಾರಿಯೇ ನಿಮಗೆ ಸರಿ. ಎದ್ದ ಭಾಗಕ್ಕೆ ಅಂಟು ಹನಿಸಿ, ರಬ್ಬರ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ ಒಣಗಿಸಿಯೇ ಕೆಲಸ ಹಿಡಿಯಿರಿ.

ಎರಡು ಹಂತದ ಪದ್ಧತಿಯಲ್ಲಿ ಗೋಡೆಯನ್ನು ಅಡ್ಡಳತೆಯ ಹತ್ತನೇ ಒಂದರಷ್ಟು, ಅಂದರೆ ನಿಮ್ಮ ಬಟ್ಟಲಿಗೆ ಸುಮಾರು ಒಂದು ಇಂಚು ದಪ್ಪ ಬಿಟ್ಟು ತಿಂಗಳುಗಟ್ಟಲೆ ಒಣಗಿಸಬೇಕಾಗುತ್ತದೆ. ತೊಗಟೆಯ ಅಂಚಿಗೆ ನಾನು ಅದನ್ನು ಸೂಚಿಸುವುದಿಲ್ಲ: ಕಟ್ಟಿಗೆಯೂ ತೊಗಟೆಯೂ ಕುಗ್ಗುವ ಪ್ರಮಾಣ ಬೇರೆಯಾದ್ದರಿಂದ ಒಣಗುವಾಗಲೇ ಬಿರುಕು ಬಿಡುತ್ತವೆ, ಸೊಟ್ಟಗಾದ ಅಂಚನ್ನು ಮತ್ತೆ ಕಡೆಯಲು ಹೋದರೆ ಒಂದು ಕಡೆ ತೆಳು, ಒಂದು ಕಡೆ ದಪ್ಪವಾಗುತ್ತದೆ. ಹಸಿಯಿರುವಾಗಲೇ ಒಂದೇ ಪಟ್ಟಿಗೆ 6 ಮಿಲಿಮೀಟರ್ ಗೋಡೆಗೆ ತಂದು ಮುಗಿಸಿ, ಆಮೇಲೆ ಹೇಗೆ ಬೇಕೋ ಹಾಗೆ ಸೊಟ್ಟಗಾಗಲು ಬಿಡಿ. ಗಂಟಿನ ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಒಂದೇ ಗೆರೆಯಲ್ಲಿ ಸೀಳುವ ಸಂಭವ ಕಡಿಮೆ. ಮೈ ಅಲ್ಲಲ್ಲಿ ಸುಕ್ಕುಗಟ್ಟುತ್ತದೆ, ಅದು ಚಂದವೇ.

ಒಳಗನ್ನು ಕಡೆಯುವಾಗ ಬಾಯಿಯಿಂದ ತಳದವರೆಗೆ ಒಂದೇ ಓಟದಲ್ಲಿ ಹೋಗಬೇಡಿ. ಮೇಲಿನ ಒಂದೂವರೆ ಇಂಚನ್ನು ಪೂರ್ತಿ ತೆಳುವಾಗಿಸಿ, ನಯಮಾಡಿ, ನಂತರ ಕೆಳಗಿಳಿಯಿರಿ. ನಡುವಿನ ದಿಮ್ಮಿ ಇರುವವರೆಗೆ ಅಂಚು ಅದುರುವುದಿಲ್ಲ. ಕೆಳಗಿಳಿದ ಮೇಲೆ ಮತ್ತೆ ಮೇಲೇರಿ ಅಂಚನ್ನು ಮುಟ್ಟಿದರೆ, ಅಷ್ಟರಲ್ಲಿ ಅದು ಸೊಟ್ಟಗಾಗಿರುವುದರಿಂದ, ಉಳಿ ಕಚ್ಚಿಕೊಂಡು ತುಂಡು ಹಾರುತ್ತದೆ. ಅಂಚಿನ ತಗ್ಗುಗಳಲ್ಲಿ ಉಳಿಯು ಗಾಳಿಯನ್ನೇ ಕಡೆಯುತ್ತಿರುತ್ತದೆ. ಆಗ ಉಳಿಯನ್ನು ಕಟ್ಟಿಗೆಗೆ ಒತ್ತುವವರ ಕೈ ಪ್ರತಿ ಸುತ್ತಿಗೂ ಒಳಗೆ ಬಿದ್ದು ಮೇಲೆದ್ದು ಕುಣಿಯುತ್ತದೆ. ಒತ್ತಡವೆಲ್ಲ ಟೂಲ್ ರೆಸ್ಟಿನ ಮೇಲಿರಲಿ, ಉಳಿಗೆ ಆಗತಾನೆ ಸಾಣೆ ಹಿಡಿದಿರಲಿ. ತಿರುಗುವಾಗ ಅಂಚು ಮಸುಕಾದ ನೆರಳಿನಂತೆ ಕಾಣುತ್ತದೆ. ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಅದರ ಎಲ್ಲೆ ಸ್ಪಷ್ಟವಾಗುತ್ತದೆ. ಆ ನೆರಳಿನೊಳಗೆ ಬೆರಳು ಹೋಗಬಾರದು, ಪಾಲಿಶ್ ಪೇಪರನ್ನು ಅಂಚಿಗೆ ಲೇತ್ ನಿಲ್ಲಿಸಿಯೇ ಉಜ್ಜಬೇಕು. ಮುಖಕ್ಕೆ ಪೂರ್ಣ ಶೀಲ್ಡ್, ಮೂಗಿಗೆ ಮಾಸ್ಕ್ ಇಲ್ಲದೆ ಬೇಡ. ಬೇವಿನ ಹುಡಿ ಗಂಟಲನ್ನು ಕೆರೆಯುತ್ತದೆ.

ಕೆಲಸ ಒಂದೇ ದಿನದಲ್ಲಿ ಮುಗಿಯದಿದ್ದರೆ ಒದ್ದೆ ಹೊಟ್ಟಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನಮ್ಮ ಬೇಸಿಗೆಯ ಗಾಳಿಗೆ ಊಟ ಮುಗಿಸಿ ಬರುವಷ್ಟರಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಮುಗಿದ ಬಟ್ಟಲನ್ನು ಕಾಗದದ ಚೀಲದಲ್ಲಿಟ್ಟು, ಫ್ಯಾನಿನ ಗಾಳಿ ತಾಗದ ಒಳಕೋಣೆಯ ಶಹಾಬಾದ್ ಕಲ್ಲಿನ ನೆಲದ ಮೇಲಿರಿಸಿ. ಆಗಾಗ ತೂಕ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಎಣ್ಣೆ. (ಬಿದರಿಯ ಊರಿನವನಾದ ನನಗೆ ಗಂಟಿನ ಬಿರುಕುಗಳಲ್ಲಿ ಬೆಳ್ಳಿ ತಂತಿ ಕೂರಿಸುವ ಆಸೆ ಬರುವುದು ಸಹಜ, ಆದರೆ ಸತು–ತಾಮ್ರದ ಎರಕದಲ್ಲಿ ನಿಲ್ಲುವ ತಂತಿ ಇನ್ನೂ ಕುಗ್ಗುತ್ತಿರುವ ಕಟ್ಟಿಗೆಯಲ್ಲಿ ನಿಲ್ಲದು.)

ಉತ್ತರ 3 (ಕಲಬುರಗಿ)

ಎಣ್ಣೆಯ ವಿಚಾರ ಮಾತ್ರ ಸೇರಿಸುತ್ತೇನೆ. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ತಿನ್ನುವ ಪದಾರ್ಥ ಇಡುವ ಬಟ್ಟಲಿಗೆ ಅದು ಬೇಡ. ಗಾಣದ ಹಸಿ ಅಗಸೆ ಎಣ್ಣೆ ಅಥವಾ ನಮ್ಮ ಕುಸುಬಿ ಎಣ್ಣೆ ಸಾಕು. ಎರಡೂ ಗಾಳಿಗೆ ನಿಧಾನವಾಗಿ ಗಟ್ಟಿಯಾಗುವಂಥವು. ಶೇಂಗಾ ಎಣ್ಣೆ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿದು ಕಮಟು ವಾಸನೆ ಹಿಡಿಯುತ್ತದೆ. ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಮತ್ತೆ ಹಚ್ಚಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಗುಡ್ಡೆಯ ಮೇಲೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಒಳಗೇ ಉಳಿದು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಿ.