ಎಲಾಸ್ಟಿಕಾದ ಮೊದಲ ಆಲ್ಬಮ್: ಎರವಲು ಎಂಬ ದೂರು ಎಷ್ಟು ಸರಿ?

ಪ್ರಶ್ನೆ
ಒಂದು ವಾರದಿಂದ ಬ್ರಿಟನ್ನಿನ ರಾಕ್ ತಂಡ ಎಲಾಸ್ಟಿಕಾದ 1995ರ ಮೊದಲ ಆಲ್ಬಮನ್ನು ಬಿಟ್ಟೂಬಿಡದೆ ಕೇಳುತ್ತಿದ್ದೇನೆ. ಹದಿನೈದು ಹಾಡು, ಸುಮಾರು ನಲವತ್ತು ನಿಮಿಷ. ಒಂದು ಸಾಲೂ ಹೆಚ್ಚಿಲ್ಲ. ಗಾಯಕಿ ಜಸ್ಟೀನ್ ಫ್ರಿಷ್‌ಮನ್ ದನಿ ಏರಿಸುವುದೇ ಇಲ್ಲ. ‘ಸ್ಟಟರ್’ನಲ್ಲಿ ಕುಡಿದು ಬಂದು ಹಾಸಿಗೆಯಲ್ಲಿ ಸೋತ ಗೆಳೆಯನನ್ನು ಕೆಣಕುವಾಗಲೂ ಅದೇ ತಣ್ಣನೆಯ ತುಂಟತನ. ಆದರೆ ‘ಕನೆಕ್ಷನ್’ ಹಾಡಿನ ಆರಂಭ ಕದ್ದದ್ದು ಎಂದು ಗೆಳೆಯರೊಬ್ಬರು ಹೇಳಿದಾಗಿನಿಂದ ಮನಸ್ಸಿಗೆ ಕಸಿವಿಸಿ. ನಿಜವೇ?

ಉತ್ತರ 1
ನಿಜ. ಬ್ರಿಟನ್ನಿನದೇ ಪಂಕ್ ರಾಕ್ ತಂಡ ವೈರ್‌ನ 1977ರ ಹಾಡು ‘ತ್ರೀ ಗರ್ಲ್ ರುಂಬಾ’ ಕೇಳಿ, ಎರಡು ಸೆಕೆಂಡಿನಲ್ಲಿ ಗುರುತು ಸಿಗುತ್ತದೆ. ಇದೇ ಆಲ್ಬಮಿನ ‘ವೇಕಿಂಗ್ ಅಪ್’ ವಿಷಯದಲ್ಲಿ ಸ್ಟ್ರ್ಯಾಂಗ್ಲರ್ಸ್ ತಂಡದ ಕಡೆಯಿಂದಲೂ ತಕರಾರು ಬಂದಿತ್ತು. ಎರಡೂ ರಾಜಿಯಲ್ಲಿ ಮುಗಿದವು.

ಉತ್ತರ 2
ರಾಜಿಯಾದದ್ದು ನ್ಯಾಯವೇ. ಆದರೂ ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ವೈರ್‌ನಲ್ಲಿ ಅದು ಒಣ ಗಿಟಾರ್; ಇಲ್ಲಿ ಅದೇ ಎಳೆಯನ್ನು ಕೀಬೋರ್ಡ್ ಗೊರಗೊರ ಎನ್ನಿಸುತ್ತದೆ, ಡ್ರಮ್ಸ್ ಬಂದೊಡನೆ ಹಾಡು ಬೇರೆಯೇ ದಾರಿ ಹಿಡಿಯುತ್ತದೆ. ಎರವಲು ತಂದ ಇಟ್ಟಿಗೆ, ಮನೆ ಮಾತ್ರ ಅವರದ್ದೇ. ತಂಡದ ಗಿಟಾರ್ ವಾದಕಿ ಡೋನಾ ಮ್ಯಾಥ್ಯೂಸ್ ಹಾಗೂ ಫ್ರಿಷ್‌ಮನ್ ಗಿಟಾರ್‌ಗಳು ಒಂದನ್ನೊಂದು ತುಂಡರಿಸುವ ಬಗೆಯನ್ನು ಯಾರಿಂದಲೂ ಎರವಲು ಪಡೆಯಲಾಗದು.

ಪ್ರಶ್ನೆ ಕೇಳಿದವರು
ಈಗಷ್ಟೇ ಹಾಗೆಯೇ ಕೇಳಿದೆ. ಹೋಲಿಕೆ ಕಣ್ಣಿಗೆ ಹೊಡೆಯುವಷ್ಟಿದೆ, ಒಪ್ಪುತ್ತೇನೆ. ಆದರೆ ‘ಕನೆಕ್ಷನ್’ ಮುಗಿದ ಕೂಡಲೇ ಮತ್ತೊಮ್ಮೆ ಹಾಕಿಕೊಂಡೆ. ಇನ್ನು ವೈರ್‌ನ ಆ ಇಡೀ ಆಲ್ಬಮ್ ಕೇಳಬೇಕು.