ಖಾರಾ ಬಿಸ್ಕೆಟ್ ಎರಡನೇ ದಿನಕ್ಕೇ ಮೆತ್ತಗಾಗುತ್ತೆ, ಏನ್ ಮಾಡ್ಲಿ? ಜೊತೆಗೆ ಇನ್ಯಾವ ಫ್ಲೇವರ್ ಮಾರೋಕೆ ಇಡ್ಬೇಕು?

ಸಾಗರದ_ಓವನ್
ಎಲ್ರಿಗೂ ನಮಸ್ಕಾರ. ಮನೇಲೇ ಬಿಸ್ಕೆಟ್ ಮಾಡಿ ಮಾರೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು, ಇರೋದು ಒಂದೇ ಓಟಿಜಿ (ಮನೆಗಿಡೋ ಸಣ್ಣ ಕರೆಂಟ್ ಓವನ್), ಒಂದ್ಸಲಕ್ಕೆ ಒಂದೇ ಟ್ರೇ. ಬೆಣ್ಣೆ ಬಿಸ್ಕೆಟ್, ಏಲಕ್ಕಿ ನಾನ್‌ಖಟಾಯಿ, ಖಾರಾ ಈ ಮೂರು ಖಾಯಂ. ಮಧ್ಯ ಚಾಕೊಲೇಟ್ ಚಿಪ್, ರೆಡ್ ವೆಲ್ವೆಟ್ ಎಲ್ಲ ಮಾಡಿದೆ, ಮೊದಲ ವಾರ ಮಕ್ಕಳಿಗೆ ಅಂತ ತಗೊಂಡ್ರು, ಆಮೇಲೆ ಯಾರೂ ಕೇಳ್ಲಿಲ್ಲ. ಖಾರಾ ತಗೊಂಡವ್ರು ಮಾತ್ರ ಮತ್ತೆ ಮತ್ತೆ ಬರ್ತಾರೆ ಆದ್ರೆ ಅದೇ ಕೈ ಕೊಡ್ತಿದೆ, ನಮ್ಮೂರ ಮಳೇಲಿ ಎರಡನೇ ದಿನಕ್ಕೇ ಮೆತ್ತಗೆ. ಕಾಲು ಕೆಜಿ ಮೈದಾಕ್ಕೆ 100 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ, ಹಸಿಮೆಣಸು ಶುಂಠಿ ಕರಿಬೇವು ಕೊತ್ತಂಬರಿ ರುಬ್ಬಿ ಹಾಕಿ ಮೊಸರಲ್ಲಿ ಕಲಸ್ತೀನಿ, 180 ಡಿಗ್ರಿ 15 ನಿಮಿಷ. ದೀಪಾವಳಿಗೆ ರಾಗಿದೂ ಇಡೋಣ ಅಂತಿದೀನಿ, ಅದು ಕೈಯಲ್ಲಿ ಹಿಡಿದ್ರೆ ಪುಡಿ ಪುಡಿ. ಗೊತ್ತಿರೋರು ಹೇಳಿ ಪ್ಲೀಸ್.

ಭಟ್ಟಿ_ಮುಂದೆ_11_ವರ್ಷ
ಬೆಂಗಳೂರಲ್ಲಿ ಒಂದು ಅಯ್ಯಂಗಾರ್ ಬೇಕರೀಲಿ ಕೆಲಸ ಮಾಡ್ದೋನು ನಾನು, ಹಾಸನ ಕಡೆಯವನು. ಚಿಕ್ಕಪೇಟೆಲಿ 1898ರಲ್ಲಿ ಬಿ ಬಿ ಬೇಕರಿ ಶುರು ಮಾಡಿದ್ದು ಹಾಸನ ಕಡೆಯವ್ರೇ, ಹಂಗಾಗಿ ಈ ಬಿಸ್ಕೆಟ್ ಅಂದ್ರೆ ನನಗೆ ಸ್ವಲ್ಪ ಜಾಸ್ತಿನೇ ಅಭಿಮಾನ. ನಿಮ್ಮ ತಪ್ಪು ರುಬ್ಬೋದ್ರಲ್ಲಿದೆ. ರುಬ್ಬಿದ್ರೆ ಸೊಪ್ಪಿನ ನೀರೆಲ್ಲ ಹಿಟ್ಟಿಗೆ ಇಳಿಯುತ್ತೆ, ನೀರು ಜಾಸ್ತಿ ಆದಷ್ಟೂ ಹಿಟ್ಟು ಜಿಗುಟಾಗುತ್ತೆ, ಒಳಗಡೆ ತೇವ ಉಳಿಯುತ್ತೆ. ಸೊಪ್ಪು ತೊಳೆದು ಬಟ್ಟೆ ಮೇಲೆ ಪೂರ್ತಿ ಆರಿಸಿ ಚಾಕೂಲಿ ಸಣ್ಣಗೆ ಹೆಚ್ಚಿ, ಮೊಸರು ಬಟ್ಟೇಲಿ ಕಟ್ಟಿ ಸೋಸಿ, ಹಿಟ್ಟು ಮುದ್ದೆ ಆಗೋಷ್ಟು ಮಾತ್ರ ಹಾಕಿ, ನಾದಬೇಡಿ. ನಮ್ಮ ಸೌದೆ ಭಟ್ಟೀಲಿ ಬ್ರೆಡ್ ತೆಗೆದ ಮೇಲೆ ಉಳಿದ ಶಾಖದಲ್ಲಿ ಬಿಸ್ಕೆಟ್ ನಿಧಾನಕ್ಕೆ ಒಣಗ್ತಿತ್ತು, ಗರಿಗರಿ ಬರೋದು ಅಲ್ಲೇ. ನೀವು 165ರಲ್ಲಿ 20 ನಿಮಿಷ ಬೇಯಿಸಿ, ಆಮೇಲೆ 110ಕ್ಕೆ ಇಳಿಸಿ ಇನ್ನೊಂದು 15 ನಿಮಿಷ ಒಳಗೇ ಬಿಡಿ. ಪೂರ್ತಿ ತಣ್ಣಗಾಗದೆ ಡಬ್ಬಿಗೆ ಹಾಕಲೇಬೇಡಿ, ಬಿಸಿ ಇದ್ರೆ ಮುಚ್ಚಳದಲ್ಲಿ ಹನಿ ಕಟ್ಟುತ್ತೆ.

ತುಮಕೂರು_ರಾಗಿ
ರಾಗಿ ಬಗ್ಗೆ ನಾನು ಹೇಳ್ತೀನಿ. ರಾಗೀಲಿ ಗ್ಲೂಟನ್ (ಗೋಧೀಲಿರೋ ಅಂಟಿನ ಅಂಶ) ಇಲ್ಲ, ಹಿಡಿದಿಡೋಕೆ ಏನೂ ಇಲ್ಲ ಅದ್ರಲ್ಲಿ. ಎರಡು ಭಾಗ ರಾಗಿ, ಒಂದು ಭಾಗ ಗೋಧಿಹಿಟ್ಟು ಹಾಕಿ. ರಾಗಿಹಿಟ್ಟು ಸಣ್ಣ ಉರೀಲಿ ಘಮ್ ಅನ್ನೋವರೆಗೂ ಹುರಿದು ಆರಿಸ್ಕೊಳ್ಳಿ, ಇಲ್ದಿದ್ರೆ ಹಸಿ ವಾಸನೆ ಬಾಯಲ್ಲಿ ನಿಲ್ಲುತ್ತೆ. ಕಲಸಿದ್ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಹಿಟ್ಟು ತೇವ ಹೀರ್ಕೊಂಡು ಗಟ್ಟಿಯಾಗುತ್ತೆ. ಟ್ರೇಯಿಂದ ಬಿಸಿಬಿಸೀಲೇ ಎತ್ತೋಕೆ ಹೋಗ್ಬೇಡಿ, ಹತ್ತು ನಿಮಿಷ ಹಾಗೇ ಬಿಡಿ. ಬೆಲ್ಲ ಹಾಕಿದ್ರೆ ರುಚಿ ಚೆನ್ನಾಗಿರುತ್ತೆ ಆದ್ರೆ ಬೆಲ್ಲ ತೇವ ಎಳೆಯುತ್ತೆ, ನಿಮ್ಮ ಮಳೆಗಾಲಕ್ಕೆ ಸಕ್ಕರೆ ಪುಡೀನೇ ವಾಸಿ.

ಕೊಬ್ರಿ_ಮಿಠಾಯಿ
ಗಿರಾಕಿಯಾಗಿ ಹೇಳ್ತೀನಿ, ಕೊಬ್ರಿ ಬಿಸ್ಕೆಟ್ ಇಡಿ. ಒಣಕೊಬ್ರಿ ತುರಿ ಸ್ವಲ್ಪ ಹುರಿದು ಹಾಕಿದ್ರೆ ಅಂಚು ಕೆಂಪಾಗಿ ಅದ್ರ ಘಮನೇ ಬೇರೆ, ವಯಸ್ಸಾದವ್ರೂ ಕಾಫಿಗೆ ಅದ್ದಿ ತಿಂತಾರೆ. ಹಸಿ ತೆಂಗಿನಕಾಯಿ ಮಾತ್ರ ಬೇಡ, ಬೇಗ ಮುಗ್ಗಾಗುತ್ತೆ. ಮತ್ತೆ ಮನೇಲಿ ಮಾಡಿ ಮಾರಿದ್ರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಬೇಕು, ಆ 14 ಅಂಕಿ ನಂಬರ್ ಪ್ಯಾಕೆಟ್ ಮೇಲೆ ಇರ್ಲಿ, ನಾನಂತೂ ನೋಡೇ ತಗೊಳ್ಳೋದು.

ಸಾಗರದ_ಓವನ್
ಎಲ್ರಿಗೂ ತುಂಬಾ ಥ್ಯಾಂಕ್ಸ್, ರಿಜಿಸ್ಟ್ರೇಷನ್ ಮಾಡಿಸಿದೀನಿ. ಮೊನ್ನೆ ಭಾನುವಾರ ಸೊಪ್ಪು ಹೆಚ್ಚಿ ಹಾಕಿ, 165 ಆಮೇಲೆ 110 ಹಾಗೇ ಮಾಡ್ದೆ. ಇವತ್ತಿಗೆ ನಾಲ್ಕನೇ ದಿನ, ಹೊರಗೆ ಜಡಿಮಳೆ, ಈಗಷ್ಟೇ ಒಂದು ಮುರಿದೆ, ಟಕ್ ಅಂತು, ಒಳಗೆ ಕರಿಬೇವಿನ ಚೂರು ಹಸಿರಾಗೇ ಕಾಣ್ತಿತ್ತು, ಖುಷಿಗೆ ಅತ್ತೇನ ಕರೆದು ತೋರಿಸ್ದೆ. ಕೊಬ್ರಿ ಈ ವಾರ ಟ್ರೈ ಮಾಡ್ತೀನಿ. ರಾಗಿ ಒಂದು ಟ್ರೇ ಒಳಗಿದೆ, ತೆಗೆದ್ಮೇಲೆ ಹೇಳ್ತೀನಿ.